ಒಂದನ್ನು ಒಂಬತ್ತು ಮಾಡಿದವರು ಯಾರು?

ಧಾರವಾಡದಲ್ಲಿ ಯಾರೋ ಪೆನ್ನಿನ ಮುಚ್ಚಳ ತೆಗೆದರೆ, ಶಾಯಿ ನೀಲಿಯೋ ಕಪ್ಪೋ ಎಂಬುದನ್ನು ಹುಬ್ಬಳ್ಳಿಯ ಠಾಣೆಯಲ್ಲಿ ಕುಳಿತೇ ಮೂಸಿ ಹೇಳುವ ಮೂಗು ಹೆಡ್ ಕಾನ್‌ಸ್ಟೆಬಲ್ ಮಾಲತೇಶನದು. ಇಡೀ ಏಷ್ಯಾ ಖಂಡದಲ್ಲಿ ಅಂಥದ್ದು ಇನ್ನೊಂದಿಲ್ಲ.

ಜೂನ್ 10, ಮಂಗಳವಾರ, ಬೆಳಿಗ್ಗೆ 10.20. ವಿದ್ಯಾನಗರದ ಕಾಲೇಜೊಂದರ ಪರೀಕ್ಷಾ ವಿಭಾಗದ ಮುಖ್ಯಸ್ಥರಾದ ಪ್ರಬುದ್ಧ ಅವರು ದೂರು ತಂದರು. ಅವರ ವಿದ್ಯಾರ್ಥಿನಿ ಜಾಯ್ಸ್ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಿ ಬಂದಿದ್ದಳು. ಅಲ್ಲಿಂದ ಅಂಚೆಯಲ್ಲಿ ಬಂದ ಅಂಕಪಟ್ಟಿಯನ್ನು ಯಾರೋ ಪೆನ್ನಿನಿಂದ ತಿದ್ದಿದ್ದರು. ಐದೂ ವಿಷಯಗಳಲ್ಲಿ 1.3 ಇದ್ದದ್ದು 9.3 ಆಗಿತ್ತು. ಕ್ರೆಡಿಟ್ ವರ್ಗಾವಣೆಯ ಸಮಿತಿ ಸೇರುವುದು ಬುಧವಾರ ಸಂಜೆ ಐದಕ್ಕೆ. ಅಷ್ಟರೊಳಗೆ ಆಕೆಯ ಮೇಲಿನ ಸಂಶಯ ಹೋಗದಿದ್ದರೆ ಓದಿದ್ದೆಲ್ಲ ನೀರಿಗೆ. ಇಡೀ ವರ್ಷ ಮತ್ತೆ ಓದಬೇಕು.

ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಅಂಕಪಟ್ಟಿ ಜಪ್ತಿ ಮಾಡಿದರು. 11.45ಕ್ಕೆ ಇನ್‌ಸ್ಪೆಕ್ಟರ್ ಜಯಾ ಜಾಯ್ಸ್‌ಳನ್ನು ಕರೆಸಿದರು.

"ನೀನ ತಿದ್ದಿಯೇನವಾ?"

"ನಾ ಯಾಕ ತಿದ್ದಲಿ ಮೇಡಂ? ಅಲ್ಲಿ ಒಂದು ಅಂದ್ರ ಎಲ್ಲಾಕ್ಕಿಂತ ಮ್ಯಾಲ. ಐದು ಅಂದ್ರ ನಪಾಸು. ಒಂಬತ್ತು ಅನ್ನೋದ ಇಲ್ರಿ."

ಜಯಾ ಪೆನ್ನು ಕೆಳಗಿಟ್ಟರು. "ಮಾಲತೇಶ, ತಿದ್ದಿದಾವಗ ಅಲ್ಲಿಯ ಲೆಕ್ಕ ಗೊತ್ತಿಲ್ಲ. ಆದ್ರ ಈಕಿ ಪಾಸಾಗ್ಲಿ ಅನ್ನೋ ಆಸೆ ಐತಿ. ಲಕೋಟಿ ಒಡದಾವ ಯಾರು?"

ಟಪಾಲು ಪುಸ್ತಕದಲ್ಲಿ ಸಹಿ ಹುಲಗಪ್ಪನದು. ಕಾಲೇಜಿಗೆ ಬಂದ ಪ್ರತಿ ಲಕೋಟೆಯನ್ನೂ ಒಡೆದು ಠಸ್ಸೆ ಹಾಕುವ ಹಳೆಯ ಗುಮಾಸ್ತ.

ಮಾಲತೇಶ ಗಾಳಿ ಮೂಸಿದ. ನೀಲಿ ಶಾಯಿ. ಹುಲಗಪ್ಪ ಓಟ ಕಿತ್ತ. ಮಾಲತೇಶ ಬಸ್ಸನ್ನೂ ಹಿಂದೆ ಹಾಕಿ ನವನಗರದವರೆಗೆ ಓಡಿ ಅವನ ಕೊರಳಪಟ್ಟಿ ಹಿಡಿದ. ಬಂಧನ 1.40ಕ್ಕೆ.

"ಯಾಕ ತಿದ್ದಿದಿ?" ಜಯಾ ಕೇಳಿದರು.

"ಆಕಿ ಅರ್ಜಿ ಹಿಡಕೊಂಡು ಹದಿನಾಲ್ಕು ಸಹಿ ಮಾಡಿಸೇನ್ರಿ. ನಮ್ಮ ಕಾಲೇಜಿಂದ ಹೋದಾಕಿ ಆಕೀನ ಮೊದಲು. ಲಕೋಟಿ ಒಡದ್ರ ಎಲ್ಲಾ ಒಂದು, ಒಂದು. ಮಂದಿ ನಗತಾರಲ್ರಿ."

"ಹತ್ತಕ್ಕ ಒಂದು ಅಂದ್ಕೊಂಡಿ?"

"ಹೂಂನ್ರಿ. ಪೂರಾ ಹತ್ತು ಮಾಡಾಕ ಧೈರ್ಯ ಆಗಲಿಲ್ಲ."

ಜಯಾ ಅಂದೇ ಸಮಿತಿಗೆ ಪತ್ರ ಕಳಿಸಿದರು. ಬುಧವಾರ ಜರ್ಮನಿಯಿಂದ ಗ್ರೇಡುಗಳು ನೇರವಾಗಿ ಇಮೇಲ್‌ನಲ್ಲಿ ಬಂದವು. ಐದೂ ವಿಷಯಗಳ ಕ್ರೆಡಿಟ್ ಜಾಯ್ಸ್‌ಳ ಲೆಕ್ಕಕ್ಕೆ ಸೇರಿತು. ಗುರುವಾರ ಹುಲಗಪ್ಪನಿಗೆ ಜಾಮೀನು ಸಿಕ್ಕಿತು. ಕೋರ್ಟಿನ ಹೊರಗೆ ಜಾಯ್ಸ್ ಕಾಯುತ್ತಿದ್ದಳು.

"ಕಾಕಾ, ನಿಮ್ಮ ಒಂಬತ್ತಕ್ಕಿಂತ ನನ್ನ ಒಂದು ದೊಡ್ಡದು."

"ಹೋಗೂಕಿಂತ ಮೊದಲ ಹೇಳಬೇಕಿಲ್ಲೇನವಾ?"

ಇಲ್ಲಿಯವರೆಗೆ ಬರೆದದ್ದನ್ನು ಇನ್‌ಸ್ಪೆಕ್ಟರ್ ಜಯಾ ಓದಿದರು.

"ನವನಗರದ ತನಕ ಓಡಿದಿ? ಠಾಣೆ ಮೆಟ್ಟಲ ಹತ್ತೂದ್ರಾಗ ಎರಡ ಸಲ ಕುಂಡರ್ತಿ."

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಮಾಲತೇಶ ಎಂದರೆ ನಾನೇ. ಓಡಿಲ್ಲ. ಮೂಸಿಯೂ ಇಲ್ಲ, ಆ ವಾರ ನನಗೆ ನೆಗಡಿ. ಹುಡುಗಿಯನ್ನು ಠಾಣೆಗೆ ಕರೆಸಿದ್ದಾರೆಂದು ಕೇಳಿ ಹುಲಗಪ್ಪ ಊಟ ಬಿಟ್ಟು ತಾನೇ ನಡೆದು ಬಂದ. ಜೇಬಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟು, "ಆಕೀನ್ನ ಮನಿಗೆ ಕಳಸ್ರಿ" ಅಂದ.

ನಾನು ಕುರ್ಚಿ ಕೊಟ್ಟೆ. ಅಷ್ಟೇ.