ಟ್ಯಾಂಕಿನ ಎದುರಿನ ಬಿಳಿ ಕಲ್ಲು

ಪೆಟ್ಟಿಗೆ ಇತ್ತು. ಉಗ್ರಾಣದ ಬೀಗವೂ ನೆಟ್ಟಗಿತ್ತು. ಒಳಗಿನ ದುರ್ಬೀನು ಮಾತ್ರ ಇರಲಿಲ್ಲ!

ಕೋನ ಅಳೆಯುವ ಆ ಸರ್ವೆ ದುರ್ಬೀನನ್ನು ಮಕ್ಕಳಿಗೆ ತ್ರಿಕೋನಮಿತಿ ಕಲಿಸಲೆಂದು ಎರವಲು ತಂದವರು ನಮ್ಮ ಗಣಿತದ ಟೀಚರ್ ಟಿವೊಂಗೆ ಕುಮ್ವೆಂಡಾ. ಮಧ್ಯಾಹ್ನ ಊಟದ ಹೊತ್ತಿಗೆ ಇದ್ದದ್ದು ಸಂಜೆ ಚಹಾದ ಹೊತ್ತಿಗೆ ಮಾಯ. ಮರುದಿನ ಜೋಳದ ಗಂಜಿ ಆರುವ ಮೊದಲೇ ಹೆಡ್‌ಮಾಸ್ಟರ್ ಬ್ವಾನಾಲಿ ಕಳ್ಳಿಯನ್ನು ಹಿಡಿದೂ ಆಗಿತ್ತು—ಉಗ್ರಾಣದ ಕೀಲಿ ನೋಡಿಕೊಳ್ಳುವ ತಡಾಲಾ. ಹಾಸ್ಟೆಲಿನಿಂದ ಅವಳ ಹಾಸಿಗೆ ಸುರುಳಿಯಾಗಿ ಗೇಟಿಗೆ ಬಂದಿತ್ತು. ಬಾಡಿಗೆ ಸೈಕಲ್ಲಿನವನು ಅದಕ್ಕೆ ಹಗ್ಗ ಬಿಗಿಯುತ್ತಿದ್ದ. ಕೊನೆಯ ವರ್ಷದ ಹುಡುಗಿ, ಪರೀಕ್ಷೆ ಬಾಗಿಲಲ್ಲಿದೆ. ಈಗ ಹೋದರೆ ಸರೋವರದ ದಡದಲ್ಲಿ ಉಸಿಪಾ ಮೀನು ಒಣಹಾಕುವುದೇ ಅವಳ ಬಾಳು.

ನಾನು ಇತಿಹಾಸದ ಮೇಷ್ಟ್ರು. ಗಣಿತಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೆ ಅನುಮಾನ ಪಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಅಡುಗೆಯವನು, ಕಾವಲಿನವನು, ಹೆಡ್‌ಮಾಸ್ಟರ್—ಅಷ್ಟು ಹೊತ್ತಿಗೆ ಎಲ್ಲರ ಮೇಲೂ ಒಂದೊಂದು ಸುತ್ತು ಅನುಮಾನ ಪಟ್ಟು ಮುಗಿಸಿದ್ದೆ.

"ಇವಳನ್ನ ಕಳಿಸೋ ಮುಂಚೆ ಎರಡು ಮಾತು ಕೇಳ್ಬೇಕು ಸಾರ್," ಎಂದರು ಟಿವೊಂಗೆ.

"ಕೇಳೋದೇನ್ರೀ ಉಳಿದಿದೆ?"

"ಉಳಿದಿದೆ."

ಹಿಂದಿನ ದಿನ ಮಧ್ಯಾಹ್ನ ತರಗತಿಯೆಲ್ಲ ಶಾಲೆಯ ಹೊಲದಲ್ಲಿ ಕಳೆ ತೆಗೆಯುತ್ತಿತ್ತು. ಇಬ್ಬರಿಗೆ ಮಾತ್ರ ಬಿಡುವು. ಹಿತ್ತಿಲ ನೀರಿನ ಟ್ಯಾಂಕಿನ ಎತ್ತರವನ್ನು ತಾವೇ ಮಾಡಿದ ಸಾಧನದಿಂದ ಅಳೆಯುವ ಪಾಠ ಅವರಿಬ್ಬರದು ಬಾಕಿಯಿತ್ತು. ಒಬ್ಬಳು ತಡಾಲಾ. ಇನ್ನೊಬ್ಬ ಲಿಂಬಾನಿ, ಹೆಡ್‌ಮಾಸ್ಟರರ ತಂಗಿಯ ಮಗ. ತಂಗಿಯ ಮಕ್ಕಳಿಗೆ ಸೋದರಮಾವನೇ ಯಜಮಾನ, ನಮ್ಮ ಕಡೆಯ ಕಟ್ಟಳೆ ಅದು. ಯಾರ ಮಾತು ನಡೆಯುತ್ತದೆಂದು ಬೇರೆ ಹೇಳಬೇಕೆ? ಟಿವೊಂಗೆ ಇಬ್ಬರನ್ನೂ ಹೆಡ್‌ಮಾಸ್ಟರರ ಕೋಣೆಗೆ ಕರೆಸಿದರು.

"ಬೀಗ ಹಾಕಿ ಕೀಲಿ ಏನ್ ಮಾಡ್ದೆ ತಡಾಲಾ?"

"ಸ್ಟಾಫ್ ರೂಮಿನ ಮೊಳೆಗೆ ನೇತುಹಾಕ್ದೆ ಮೇಡಂ. ಆಮೇಲೆ ಟ್ಯಾಂಕಿನ ಹತ್ರ ಹೋದೆ."

"ಅಲ್ಲಿ ಲಿಂಬಾನಿ ಇದ್ನಾ?"

"ಇರ್ಲಿಲ್ಲ."

"ಸುಳ್ಳು ಬುರುಕಿ!" ಲಿಂಬಾನಿ ಎಗರಿದ. "ಅಲ್ಲಿದ್ದಿದ್ದು ನಾನು. ಇವಳ ನೆರಳೂ ಇರ್ಲಿಲ್ಲ!"

ಅಳೆದವರು ತಮ್ಮ ಲೆಕ್ಕವನ್ನು ತರಗತಿಯ ಬೋರ್ಡಿನ ಮೇಲೆ ಬರೆಯಬೇಕಿತ್ತು. ಇಬ್ಬರೂ ಬರೆದಿದ್ದರು. ಯಾರು ಮೊದಲು? ಇಬ್ಬರೂ "ನಾನೇ" ಎಂದರು.

"ಲಿಂಬಾನಿ, ಎಲ್ಲಿ ನಿಂತಿದ್ದೆ?"

"ಬಿಳಿ ಕಲ್ಲಿನ ಹತ್ರ. ಟ್ಯಾಂಕಿಗೆ ಆರು ಮೀಟರ್."

"ಕೋನ?"

"ನಲವತ್ತೈದು. ಟ್ಯಾನ್ ನಲವತ್ತೈದು ಅಂದ್ರೆ ಒಂದು. ಆರೊಂದ್ಲ ಆರು. ನೆಲದಿಂದ ಕಣ್ಣಿನವರೆಗೆ ಒಂದು ಪಾಯಿಂಟ್ ನಾಲ್ಕು ಸೇರಿಸಿದ್ರೆ ಏಳು ಪಾಯಿಂಟ್ ನಾಲ್ಕು."

"ಕೂತ್ಕೊಂಡು ನೋಡಿದ್ಯಾ? ಮೊಣಕಾಲೂರಿದ್ಯಾ?"

ಹುಡುಗ ನಕ್ಕ. "ನಾನ್ಯಾಕೆ ಬಗ್ಲಿ ಮೇಡಂ? ನೆಟ್ಟಗೆ ನಿಂತೇ ನೋಡ್ದೆ."

ಇದೆಂಥ ತಲೆಹರಟೆ ಪ್ರಶ್ನೆ ಎನಿಸಿತು ನನಗೆ. ತಡಾಲಾಳನ್ನು ಕೇಳಿದಾಗ ಅವಳದೂ ಅದೇ ಕಲ್ಲು, ಅದೇ ನಲವತ್ತೈದು, ಅದೇ ಏಳು ಪಾಯಿಂಟ್ ನಾಲ್ಕು.

ಹೆಡ್‌ಮಾಸ್ಟರ್ ಮೇಜು ಗುದ್ದಿದರು. "ಟ್ಯಾಂಕ್ ಕಟ್ಟಿದವರು ಕೊಟ್ಟ ಎತ್ತರವೂ ಅಷ್ಟೇ. ನಮ್ಮ ಹುಡುಗನ ಉತ್ತರ ಸರಿ! ಇವಳು ಒಂದಕ್ಷರ ಬಿಡದೆ ಕಾಪಿ ಹೊಡೆದಿದಾಳೆ!"

"ಕಾಪಿ ಅನ್ನೋದು ನಿಜ ಸಾರ್. ಯಾರದ್ದನ್ನ ಯಾರು ಹೊಡೆದ್ರು ಅಂತ ಟ್ಯಾಂಕನ್ನೇ ಕೇಳೋಣ, ಬನ್ನಿ."

ಹಿತ್ತಿಲಿಗೆ ನಡೆದೆವು. ಟಿವೊಂಗೆ ಚೀಲದಿಂದ ಮಕ್ಕಳೇ ಮಾಡಿದ ಆ ಸಾಧನ ತೆಗೆದರು: ಒಂದು ಕೋನಮಾಪಕ, ಅದರಿಂದ ಇಳಿಬಿದ್ದ ದಾರ, ದಾರದ ತುದಿಗೆ ಪುಟ್ಟ ಕಲ್ಲು. ಅಂಚಿನಗುಂಟ ಟ್ಯಾಂಕಿನ ತುದಿ ನೋಡಿದರೆ ದಾರ ಕೋನ ತೋರಿಸುತ್ತದೆ. ತಡಾಲಾ ಬಿಳಿ ಕಲ್ಲಿನ ಪಕ್ಕ ನಿಂತು ನೋಡಿದಳು. ನಾನೇ ಓದಿದೆ: ನಲವತ್ತೈದು.

ಲಿಂಬಾನಿ ನಿಂತ. ನಲವತ್ಮೂರು.

"ಗಾಳಿ ಮೇಡಂ. ದಾರ ಅಲ್ಲಾಡ್ತಿದೆ."

"ಇನ್ನೊಂದ್ಸಲ ನೋಡು."

ಮತ್ತೆ ನಲವತ್ಮೂರು. ಮೂರನೆಯ ಸಲ ದಾರ ಮೆಲ್ಲಗೆ ನಲವತ್ತೈದರತ್ತ ಸರಿಯತೊಡಗಿತು. ಏನು ಮಾಯವಪ್ಪಾ ಎಂದು ಕೆಳಗೆ ನೋಡಿದರೆ—ಹುಡುಗನ ಮೊಣಕಾಲು ಮಡಚುತ್ತಿದೆ!

"ನೆಟ್ಟಗೆ ನಿಲ್ಲಪ್ಪ," ಎಂದೆ. "ನೀನ್ಯಾಕೆ ಬಗ್ಗಬೇಕು?"

ಟಿವೊಂಗೆ ಟೇಪು ಹಿಡಿದರು. ನೆಲದಿಂದ ತಡಾಲಾಳ ಕಣ್ಣಿಗೆ ಒಂದು ಪಾಯಿಂಟ್ ನಾಲ್ಕು ಮೀಟರ್. ಬಾಗಿಲಿಗೆ ತಲೆ ಬಡಿಯುವ ಲಿಂಬಾನಿಗೆ ಒಂದು ಪಾಯಿಂಟ್ ಎಂಟು.

"ಉತ್ತರ ಸರಿ ಬಂತು ಅಂತ ಎಲ್ರೂ ಸುಮ್ನಾದ್ರಿ," ಎಂದರು. "ಟ್ಯಾಂಕಿನ ಎತ್ತರ ಯಾರು ಅಳೆದ್ರೂ ಒಂದೇ. ಆದ್ರೆ ತ್ರಿಕೋನ ಶುರುವಾಗೋದು ನೆಲದಿಂದಲ್ಲ ಸಾರ್, ನೋಡೋರ ಕಣ್ಣಿಂದ. ಒಂದೇ ಕಲ್ಲಿನ ಹತ್ರ ನಿಂತ್ರೂ ಉದ್ದ ಇರೋರಿಗೆ ಕೋನ ಕಡಿಮೆ ಬರುತ್ತೆ, ಕೊನೇಲಿ ಸೇರಿಸೋದು ಜಾಸ್ತಿ ಇರುತ್ತೆ. ಇವನು ಲೆಕ್ಕದ ಜೊತೆ ಅವಳ ಕಣ್ಣನ್ನೂ ಕಾಪಿ ಹೊಡೆದ. ಟ್ಯಾಂಕಿನ ಹತ್ರ ಇದ್ದಿದ್ದು ತಡಾಲಾ. ಹಾಗಾದ್ರೆ ಆ ಹೊತ್ತಲ್ಲಿ ನೀನೆಲ್ಲಿದ್ದೆ ಲಿಂಬಾನಿ?"

ಹುಡುಗ ಸಾಧನವನ್ನು ಅವರ ಕೈಗೆ ಕೊಟ್ಟುಬಿಟ್ಟ.

"ಕೀಲಿ ತಗೊಂಡ್ಯಾ?"

"ಹ್ಞೂಂ... ಆಚೆ ಮೈದಾನದಲ್ಲಿ ಫುಟ್‌ಬಾಲ್ ಮ್ಯಾಚ್ ಇತ್ತು. ದುರ್ಬೀನಲ್ಲಿ ನೋಡೋಣ ಅಂತ... ಕೈಜಾರಿ ಬಿತ್ತು. ಗಾಜು ಒಡೀತು."

"ಎಲ್ಲಿದೆ?"

"ಜೋಳದ ಕಣಜದೊಳಗೆ."

"ಇವಳ ಹಾಸಿಗೆ ಗೇಟಿಗೆ ಹೋದಾಗ್ಲೂ ಬಾಯಿ ಬಿಡ್ಲಿಲ್ವಲ್ಲೋ!" ನನಗೆ ಮೈಯೆಲ್ಲ ಉರಿದುಹೋಯಿತು.

ಹೆಡ್‌ಮಾಸ್ಟರ್ ಹುಡುಗನ ಹೆಗಲ ಮೇಲೆ ಕೈಯಿಟ್ಟರು. ಬೆಳಿಗ್ಗೆಯಿಂದ ನಾವು ಕೇಳಿರದ ಮೆತ್ತನೆ ದನಿ ಬಂತು.

"ಆಗಿದ್ದು ಆಗೋಯ್ತು. ಹುಡುಗಾಟ ಅಷ್ಟೆ. ಪರೀಕ್ಷೆ ಬೇರೆ ಹತ್ರ ಬಂತು, ಪಾಪ, ಹುಡುಗನ ಬಾಳು—"

"ನಂಗೆ ಪರೀಕ್ಷೆ ಇರ್ಲಿಲ್ವಾ ಸಾರ್?"

ಕೇಳಿದವಳು ತಡಾಲಾ. ದನಿ ಏರಿಸಿರಲಿಲ್ಲ.

ಹೆಡ್‌ಮಾಸ್ಟರ್ ಅವಳನ್ನು ನೋಡಿದರು, ಸೋದರಳಿಯನನ್ನು ನೋಡಿದರು. ಗೇಟಿಗೆ ಹೋಗಿ ಹಗ್ಗ ಬಿಚ್ಚಿದರು. ಹಾಸಿಗೆಯನ್ನು ತಾವೇ ಹೆಗಲಿಗೇರಿಸಿ, ಹುಡುಗಿಯರ ಹಾಸ್ಟೆಲಿನ ಬಾಗಿಲಲ್ಲಿ ಇಳಿಸಿ ಬಂದರು.

"ನಂಗೆ ಇವತ್ತಿನ ಬಾಡಿಗೆ ಹೋಯ್ತಲ್ಲ ಸಾರ್," ಎಂದ ಸೈಕಲ್ಲಿನವನು.

"ಎಲ್ಲೂ ಹೋಗಬೇಡ, ಇರು," ಎಂದರು ಹೆಡ್‌ಮಾಸ್ಟರ್. ಅದೇ ಹಗ್ಗ ಹಿಡಿದುಕೊಂಡು ಹುಡುಗರ ಹಾಸ್ಟೆಲಿನ ಕಡೆ ನಡೆದರು.