ಕಾಂತೇಶನ ಕಾರು ಹತ್ತಿದ ಮುದುಕಿ

ಇದನ್ನು ನಂಬಿರೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಮೇ ತಿಂಗಳ ನಡುಮಧ್ಯಾಹ್ನ, ಶಹಾಪುರದ ಗೆಳೆಯ ಕಾಂತೇಶ ತನ್ನ ಮನೆಯಲ್ಲಿ ಟಿವಿಯ ಮುಂದೆ ಕುಳಿತು ಕಾರ್ ರೇಸಿನ ಆಟ ಆಡುತ್ತಿದ್ದ. ಅವನ ಕಾರಿನ ಬೆನ್ನಿಗೆ ಹನ್ನೊಂದು ಪೊಲೀಸ್ ಗಾಡಿಗಳು ಬಿದ್ದಿದ್ದವು. ಇನ್ನೊಮ್ಮೆ ಸಿಕ್ಕಿಬಿದ್ದರೆ, ನಾಲ್ಕು ತಿಂಗಳು ನಿದ್ದೆಗೆಟ್ಟು ಗೆದ್ದ ಆ ಕೆಂಪು ಕಾರು ಶಾಶ್ವತವಾಗಿ ಜಪ್ತಿಯಾಗುತ್ತಿತ್ತು.

ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಅವನ ತಾಯಿ ದೇವಕಮ್ಮ ಒಮ್ಮೆಲೇ ಕೂಗಿದರು: “ಏ, ನಿಲ್ಲಸೋ! ಮುದುಕಿ ಕೈ ಮಾಡಾಕತ್ಯಾಳ, ಕಣ್ಣ ಕಾಣಂಗಿಲ್ಲೇನ?”

ನಿಜ. ಆಟದೊಳಗಿನ ಆ ವಿದೇಶಿ ನಗರದ ಸೇತುವೆಯ ಮೇಲೆ, ತಲೆತುಂಬ ಸೆರಗು ಹೊದ್ದ ಮುದುಕಿಯೊಬ್ಬಳು ಕೈ ಚಾಚಿ ನಿಂತಿದ್ದಳು.

“ಯವ್ವಾ, ಹಿಂದ ಪೊಲೀಸರು ಬಂದಾರ!”

“ಬರ್ಲಿ ಬಿಡು, ಅವರಿಗೂ ಅವ್ವ ಇರ್ತಾಳ. ಇಂಥಾ ಬಿಸಿಲಾಗ ಬಿಟ್ಟು ಹೋಗ್ತೀಯೇನ?”

ಬಸ್ಸು ಅಪರೂಪವಾದ ನಮ್ಮ ದಾರಿಗಳಲ್ಲಿ, ಕೈ ಮಾಡಿದ ಮುದುಕಿಯನ್ನು ಬಿಟ್ಟುಹೋದವನು ಊರಲ್ಲಿ ಮುಖ ಎತ್ತುವಂತಿಲ್ಲ. ಕಾಂತೇಶನ ಬೆರಳು ತಾನಾಗಿಯೇ ಬ್ರೇಕ್ ಒತ್ತಿತು. ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಆ ಆಟದಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಕೋಣೆಯೊಳಗೆ ಹೊಳೆದಂಡೆಯ ತಂಪು ಸುಳಿಯಿತು, ಎಲೆಅಡಿಕೆಯ ವಾಸನೆ ಬಂತು. ಹನ್ನೊಂದು ಗಾಡಿಗಳೂ ಸೈರನ್ ನಿಲ್ಲಿಸಿ, ಹಾದಿ ಬಿಟ್ಟು, ಮಗ್ಗುಲಿಗೆ ಸರಿದು ನಿಂತವು.

“ಎಲ್ಲಿ ಇಳಿತಾಳಂತ ಕೇಳು,” ಎಂದರು ದೇವಕಮ್ಮ.

ಹಾಗೆ ಕೇಳುವ ಗುಂಡಿ ಕಾಂತೇಶನಿಗೆ ಇಂದಿಗೂ ಸಿಕ್ಕಿಲ್ಲ. ಕಾರೇನೋ ಉಳಿಯಿತು. ಪೊಲೀಸರು ಅದರ ಹಿಂದೆ ಬೀಳುವುದಿಲ್ಲ. ರೇಸಿಗೂ ಯಾರೂ ಕರೆಯುವುದಿಲ್ಲ. ಆಟವನ್ನು ಎರಡು ಸಲ ಅಳಿಸಿ ಹೊಸದಾಗಿ ಹಾಕಿದ್ದಾನೆ. ಮುದುಕಿ ಇನ್ನೂ ಇಳಿದಿಲ್ಲ.