ಬೆದರಿದ ಮೆದುಳು

ಹುಣಸೂರಿನಾಚೆಯ ಆ ಹೊಗೆಸೊಪ್ಪಿನ ಕಾರ್ಖಾನೆಗೆ ನಾನೂ ಬೆಟ್ಟಸ್ವಾಮಿಯವರೂ ಹೋದಾಗ ಅಂಗಳದ ತುಂಬ ಹೆಂಗಸರಿದ್ದರು. ಆದರೂ ಒಂದು ಪಿಸುಮಾತಿಲ್ಲ. ಅದು 2004ನೇ ಇಸವಿ. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಬೆಟ್ಟಸ್ವಾಮಿ ನಮ್ಮೂರಿನ ಪತ್ತೇದಾರರು. ನಾನು ಅವರ ನೆರೆಮನೆಯ ವೈದ್ಯ.

ಒಳಕೋಣೆಯ ಕುರ್ಚಿಯಲ್ಲಿ ಸಂಶೋಧಕಿ ಕಾವ್ಯಶ್ರೀ ಕುಳಿತಂತೆಯೇ ಸತ್ತಿದ್ದಳು. ತಲೆಯ ಮೇಲೆ ಮೆದುಳಿನ ಅಲೆಗಳನ್ನು ಅಳೆಯುವ ತಂತಿಗಳ ಟೋಪಿ.

"ಮಿಷನ್ ಶಾಕ್ ಹೊಡ್ದದೆ ಕಣ್ರೀ," ಎಂದರು ಮಾಲೀಕ ಉಮಾಶಂಕರ. "ತನ್ ಮೇಲೇ ಪರೀಕ್ಷೆ ಮಾಡ್ಕತಿದ್ಲು ಅನ್ಸುತ್ತೆ."

ದೇಹದ ಮೇಲೆ ಸುಟ್ಟ ಗುರುತು ಎಲ್ಲೂ ಕಾಣಲಿಲ್ಲ. ಮೂಗಿನೊಳಗೆ ಗೋಣಿಯ ನಾರು ಸಿಕ್ಕಿತು. ಟೋಪಿ ತೆಗೆದೊಡನೆ ಒಣಗಿದ ನಯವಾದ ಕೂದಲು ಅವಳ ಹೆಗಲ ಮೇಲೆ ಜಾರಿತು.

ಯಾರ ಕೈಕೆಳಗೆ ಜನ ಹೇಗೆ ದುಡಿಯುತ್ತಾರೆಂದು ತಿಳಿಯಲು ಕಾವ್ಯಶ್ರೀ ಬಂದಿದ್ದಳು. ಬಾಗಿಲು ಹಾಕಿಕೊಂಡು, ಮೇಲಿನವರ ದನಿಯನ್ನು ಟೇಪಿನಲ್ಲಿ ಕೇಳಿಸಿ, ಆಳುಗಳ ಮೆದುಳು ಹೇಗೆ ಮಿಡಿಯುತ್ತದೆಂದು ನೋಡುತ್ತಿದ್ದಳು. ಕೋಣೆಯ ಕೀಲಿ ಅವಳಲ್ಲದೆ ಇನ್ನು ಮೂವರ ಬಳಿ ಮಾತ್ರ ಇತ್ತು: ಉಮಾಶಂಕರ, ಮ್ಯಾನೇಜರು ನಟರಾಜು, ಮೇಸ್ತ್ರಿ ಮುದ್ದಯ್ಯ.

"ನೀವೂ ಟೋಪಿ ಹಾಕ್ಕಂಡಿದ್ರಾ?" ಎಂದು ಬೆಟ್ಟಸ್ವಾಮಿ ಕೇಳಿದರು.

ಮಾಲೀಕರೂ ಮೇಸ್ತ್ರಿಯೂ ಹೂಂ ಎಂದರು.

"ನಂಗೆ ಪುರ್ಸೊತ್ತೇ ಆಗ್ನಿಲ್ಲ. ಆ ಕೋಣೆಗೆ ಕಾಲೇ ಇಟ್ಟಿಲ್ಲ ಸಾರ್," ಎಂದ ನಟರಾಜು.

ಹೊರಗೆ ಎಲೆ ವಿಂಗಡಿಸುವ ಕೆಂಪಿಯನ್ನು ಮಾತಾಡಿಸಿದೆವು. ಅವಳು ಕಾಡಂಚಿನ ಗಿರಿಜನರ ಹಾಡಿಯವಳು. "ಟೋಪಿ ಹಾಕೋಕ್ ಮುಂಚೆ ತಲೆಗೆಲ್ಲ ಅಂಟು ಮೆತ್ತಿದ್ರು ಸ್ವಾಮಿ. ಸೀಗೆಕಾಯಿ ಹಾಕಿ ಉಜ್ಜುದ್ರೂ ಬುಡ್ನಿಲ್ಲ," ಎಂದಳು.

ಸಂಜೆ ಬೆಟ್ಟಸ್ವಾಮಿ ಠಾಣೆಯಿಂದ ಇಬ್ಬರು ಪೇದೆಗಳನ್ನು ಕರೆಸಿ, ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿದರು.

"ಆ ಅಂಟಿಲ್ಲದೆ ಯಂತ್ರಕ್ಕೆ ಅಲೆ ಸಿಗೋದಿಲ್ಲ," ಎಂದರು ಬೆಟ್ಟಸ್ವಾಮಿ. "ಕಾವ್ಯಶ್ರೀ ತಾನೇ ಪರೀಕ್ಷೆಗೆ ಕೂತಿದ್ರೆ ಅಂಟು ಹಚ್ಚದೆ ಇರ್ತಿರ್ಲಿಲ್ಲ. ಅವಳ ಕೂದಲಲ್ಲಿ ಅಂಟಿನ ಗುರುತೇ ಇರ್ಲಿಲ್ಲ. ಅಂದ್ರೆ ಯಾರೋ ಗೋಣಿಚೀಲ ಒತ್ತಿ ಉಸಿರುಗಟ್ಟಿಸಿ, ಶಾಕ್ ಅಂತ ನಂಬ್ಸೋಕೆ ಟೋಪಿ ತೊಡಿಸಿದ್ದಾರೆ. ಕೀಲಿ ಇದ್ದ ಮೂವರಲ್ಲಿ ಇಬ್ಬರ ತಲೆಗೆ ಅಂಟು ಹತ್ತಿತ್ತು. ಅವರಾಗಿದ್ರೆ ಅದನ್ನ ಮರೀತಿರ್ಲಿಲ್ಲ. ಗೊತ್ತಿಲ್ಲದವರು ನೀವೊಬ್ರೇ, ನಟರಾಜು."

"ನಾನ್ಯಾಕೆ ಕೊಲ್ಲಲಿ?"

"ನಿಮ್ಮ ದನಿ ಕೇಳ್ದಾಗೆಲ್ಲ ಆಳುಗಳ ಮೆದುಳು ಬೆಚ್ಚಿಬಿದ್ದಿದ್ದು ಕಂಪ್ಯೂಟರ್‌ನಲ್ಲಿದೆ. ಯಾಕೆ ಅಂತ ಕಾವ್ಯಶ್ರೀ ಆಳುಗಳನ್ನ ಕೇಳಿದ್ಲು. ಒಬ್ಳು ಹೇಳಿದ್ಲು. ಅದು ಹೊರಗೆ ಬೀಳಬಾರ್ದು ಅಂತ ನೀವು ಕೊಂದ್ರಿ."

ಕೆಂಪಿ ಎದ್ದು ನಿಂತಳು. "ಸೊಪ್ಪು ಒಣಗ್ಸಕ್ಕೆ ಬೆಂಕಿ ಹಾಕಿದ್ದ ಬ್ಯಾರನ್ನಾಗೆ ನನ್ ಗಂಡ ಮಾದ ಸಿಕ್ಕಂಡಿದ್ದ. ಬಾಗ್ಲು ತಗೀರಿ ಅಂತ ಬಡ್ಕಂಡೆ. ಸೊಪ್ಪು ಕೆಡ್ತದೆ ಅಂದ್ರು ಇವ್ರು..."

"ಬಾಯ್ ಮುಚ್ಚೆ!" ಎಂದು ನಟರಾಜು ಅಬ್ಬರಿಸಿದ.

ಪೇದೆಗಳಿಬ್ಬರೂ ಅವನ ತೋಳು ಹಿಡಿದಿದ್ದರು. ಹಾಗಿದ್ದರೂ ಅಷ್ಟೂ ಹೆಂಗಸರು ಒಟ್ಟಿಗೇ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡರು. ಕೆಂಪಿ ಕಂಬ ಹಿಡಿದುಕೊಂಡಳು.

"ಉಸ್ರು ಓಗೋಗಂಟ ನನ್ನೇ ಕೂಗ್ತಿದ್ದ ಸ್ವಾಮಿ," ಎಂದು ಮುಂದುವರಿಸಿದಳು.